ಬೋರರ್ ಗಿಡ ಕಣ್ಣಿಗೆ ಬೀಳಬೇಕಾದರೆ

ಅರೇಬಿಕಾ ಕಾಫಿ ತೋಟದಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹಿಡಿದ ಗಿಡ ಹುಡುಕಲು ಹೋಗುವವರಿಗೆ ನಾವು ಹೇಳುವುದು ಒಂದೇ ಮಾತು, "ಸರಿಯಾಗಿ ನೋಡಿ". ಅಷ್ಟು ಸಾಲದು. ಸಾಲಿನೊಳಗೆ ಕಾಲಿಟ್ಟರೆ ಎಲೆ, ನೆರಳು, ಮೆಣಸಿನ ಬಳ್ಳಿ, ಕಾಲಿಗೆ ಹತ್ತುವ ಜಿಗಣೆ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ, ಮನಸ್ಸು ಅದರಲ್ಲಿ ಸ್ವಲ್ಪವನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಏನು ಬೇಕು ಅಂತ ಮೊದಲೇ ಹೇಳಿಡದಿದ್ದರೆ ಅಲ್ಲಾಡುವುದು, ಹೊಳೆಯುವುದು, ಸದ್ದು ಮಾಡುವುದೇ ಗಮನ ಎಳೆದುಕೊಳ್ಳುತ್ತದೆ. ಬೋರರ್ ಗಿಡ ಸುಮ್ನೆ ನಿಂತಿರುತ್ತದೆ.

ಅದಕ್ಕೆ ಕೆಲಸ ಶುರು ಮಾಡುವ ಮೊದಲು ಹುಳ ಹಿಡಿದ ಒಂದು ಗಿಡದ ಬುಡದಲ್ಲಿ ಎಲ್ಲರನ್ನೂ ಕೂರಿಸಿ. ಕಾಂಡದ ಮೇಲೆ ಹೆಬ್ಬೆರಳು ಆಡಿಸಲಿ. ತೊಗಟೆಯ ಅಡಿಯಲ್ಲಿ ಹುರಿ ಸುತ್ತಿದ ಹಾಗೆ ಉಬ್ಬಿದ ಗೆರೆ ಸಿಗುತ್ತದೆ. ಕತ್ತಿಯ ತುದಿಯಿಂದ ಅಲ್ಲೇ ಕೆರೆದರೆ ಹುಳ ತಿಂದು ಬಿಟ್ಟ ಹುಡಿ ಗಟ್ಟಿಯಾಗಿ ತುಂಬಿರುವುದು ಕಾಣುತ್ತದೆ. ಐದು ನಿಮಿಷ ಸಾಕು, ಆದರೆ ಇದನ್ನು ಮಾತ್ರ ಬಿಡಬೇಡಿ. ಬೆರಳಿಗೆ ಗೊತ್ತಾದ ಗುರುತನ್ನು ಕಣ್ಣು ಆಮೇಲೆ ತಾನೇ ಹುಡುಕುತ್ತದೆ.

ಹಸಿರಿನ ನಡುವೆ ಹಳದಿಯಾಗಿ ಜೋತುಬಿದ್ದ ಎಲೆ ದೂರದಿಂದಲೇ ಎದ್ದು ಕಾಣುತ್ತದೆ, ಅದಕ್ಕೆ ಕಷ್ಟಪಡಬೇಕಿಲ್ಲ. ಉಬ್ಬು ಗೆರೆ ಹಾಗಲ್ಲ. ಒಂದೊಂದೇ ಗಿಡದ ಹತ್ತಿರ ಹೋಗಿ, ಬಗ್ಗಿ, ಕಾಂಡ ನೋಡಬೇಕು. ಎರಡನ್ನೂ ಒಂದೇ ಓಟದಲ್ಲಿ ಮುಗಿಸಲು ಹೋದರೆ ಹಳದಿ ಎಲೆ ಮಾತ್ರ ಸಿಗುತ್ತದೆ, ಎಲೆ ಇನ್ನೂ ಹಸಿರಾಗಿರುವ, ಆದರೆ ಒಳಗೆ ಹುಳ ಕೂತಿರುವ ಗಿಡ ತಪ್ಪಿಹೋಗುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ತೋಟದಲ್ಲಿ ತಪ್ಪಿದ್ದು ಅಂಥ ಗಿಡಗಳೇ.

ಇನ್ನೊಂದು, ಇದು ಜೀವದ ವಿಷಯ. ಒಂದರ ಮೇಲೆ ಗಮನ ಗಟ್ಟಿಯಾದಷ್ಟೂ ಉಳಿದದ್ದಕ್ಕೆ ನಾವು ಕುರುಡರು. 1999ರಲ್ಲಿ ಅಮೆರಿಕದ ಸೈಮನ್ಸ್ ಮತ್ತು ಚಾಬ್ರಿ ಅನ್ನುವವರು ಬ್ಯಾಸ್ಕೆಟ್‌ಬಾಲ್ ಪಾಸ್ ಎಣಿಸಲು ಹೇಳಿ ಜನರಿಗೆ ವಿಡಿಯೋ ತೋರಿಸಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಹಾದುಹೋದದ್ದು ಸುಮಾರು ಅರ್ಧದಷ್ಟು ಜನಕ್ಕೆ ಕಾಣಲೇ ಇಲ್ಲ. ಕೊಡಗಿನ ಸಿದ್ದಾಪುರದ ಕಡೆ ತೋಟದೊಳಗೇ ಆನೆ ನಿಂತಿರುತ್ತದೆ, ಅಲ್ವಾ? ಆದ್ದರಿಂದ ಗಿಡ ನೋಡದೆ ಬರೀ ಸುತ್ತಮುತ್ತ ನೋಡುವ ಒಬ್ಬರು ಇರಲೇಬೇಕು. ಅವರ ಕೈಗೆ ಬೇರೆ ಕೆಲಸ ಕೊಡಬೇಡಿ, ಮೇಸ್ತ್ರಿ ಎಷ್ಟು ಗೊಣಗಿದರೂ ಸರಿ. ಆನೆ ಕಂಡಾಗ ಗಿಡ ನೋಡುತ್ತಿರುವವರನ್ನು ಹೆಸರು ಹಿಡಿದು ಕರೆದರೆ ಸಾಕು ಅಂತಲೂ ನಂಬಬೇಡಿ. 1959ರಲ್ಲಿ ಮೊರೇ ಅನ್ನುವವರು ಪರೀಕ್ಷಿಸಿದಾಗ, ಒಂದು ಕಿವಿಯ ಮಾತಿಗೆ ಗಮನ ಕೊಟ್ಟವರಲ್ಲಿ ಇನ್ನೊಂದು ಕಿವಿಗೆ ಬಿದ್ದ ತಮ್ಮದೇ ಹೆಸರು ಕೇಳಿಸಿದ್ದು ಮೂರರಲ್ಲೊಂದು ಪಾಲು ಜನಕ್ಕೆ ಅಷ್ಟೇ. ಹತ್ತಿರ ಇದ್ದರೆ ಭುಜ ಮುಟ್ಟಿ ಎಬ್ಬಿಸಿ.

ಸಾಲುಗಟ್ಟಲೆ ಹುಳವೇ ಸಿಗದಿದ್ದಾಗ ಜಾಸ್ತಿ ಎಚ್ಚರ ಬೇಕು. ಅಪರೂಪಕ್ಕೆ ಸಿಗುವುದನ್ನು ಕಣ್ಣು ಬೇಗ ಬಿಟ್ಟುಬಿಡುತ್ತದೆ, "ಇಲ್ಲ" ಅನ್ನುವುದೇ ಅಭ್ಯಾಸವಾಗುತ್ತದೆ. ಆಗ ಎಲ್ಲರನ್ನೂ ಬೆಳಗಿನ ಗಿಡದ ಹತ್ತಿರ ಮತ್ತೆ ಕರೆದುಕೊಂಡು ಹೋಗಿ, ಇನ್ನೊಮ್ಮೆ ಬೆರಳು ಆಡಿಸಲಿ. ಆ ಗಿಡವನ್ನು ಸಂಜೆ ಕಿತ್ತು ಸುಟ್ಟರಾಯಿತು.