ಬಿಳಿನೊಣ ಸಾಕಿದ ಮೇಲೇ ವೈರಸ್ ಮಾತು

ಟೊಮೆಟೊ ಎಲೆ ಮುಟುರು ರೋಗದ ಮೇಲೆ ಸಂಶೋಧನೆ ಮಾಡುತ್ತೇನೆ ಅಂದರೆ ಜನರಿಗೆ ಮೊದಲು ನೆನಪಾಗೋದು ಡಿಎನ್‌ಎ, ಲ್ಯಾಬು, ಬಿಳಿ ಕೋಟು. ಅದೆಲ್ಲ ಇದೆ, ಇಲ್ಲ ಅನ್ನಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ಸಮಯ ಜಾಸ್ತಿ ತಿಂದಿದ್ದು ಬಿಳಿನೊಣ ಸಾಕುವ ಕೆಲಸ.

ಕಾರಣ ಇದೆ. ಯಾವ ತಳಿ ಈ ರೋಗ ತಡೆಯುತ್ತದೆ ಅಂತ ನೋಡಬೇಕಾದರೆ ಸಸಿಗಳಿಗೆ ನಾವೇ ವೈರಸ್ ಹತ್ತಿಸಬೇಕು. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಆದರೆ ರೋಗದ ಎಲೆ ಅರೆದು, ಆ ರಸವನ್ನು ಸಸಿಯ ಮೇಲೆ ಉಜ್ಜಿದರೆ ಸಾಕು, ಹತ್ತಿಕೊಳ್ಳುತ್ತದೆ. ಬೆಂಗಳೂರು, ಕೋಲಾರದ ಕಡೆಯ ಮುಟುರು ವೈರಸ್ ಹಾಗೆ ಬಗ್ಗೋದಿಲ್ಲ. ಅದಕ್ಕೆ ಅದನ್ನು ಗಿಡದಿಂದ ಗಿಡಕ್ಕೆ ಹರಡುವ ಬಿಳಿನೊಣವೇ ಬೇಕು, ಇಲ್ಲವೇ ಕಸಿ ಕಟ್ಟಬೇಕು.

ನೊಣಗಳನ್ನು ಹತ್ತಿ ಗಿಡದ ಮೇಲೆ ಸಾಕುತ್ತೇವೆ. ಹತ್ತಿಗೆ ಈ ವೈರಸ್ ತಗಲುವುದಿಲ್ಲ, ಹಾಗಾಗಿ ಅಲ್ಲಿ ಬೆಳೆದ ನೊಣ ಶುದ್ಧ. ಬಲೆಯ ಪಂಜರದಲ್ಲಿ ಎಲೆಯನ್ನು ಮೆಲ್ಲಗೆ ತಿರುಗಿಸಿ, ಅಡಿಯಲ್ಲಿ ಕೂತ ನೊಣಗಳನ್ನು ಗಾಜಿನ ಕೊಳವೆಯಿಂದ ಬಾಯಲ್ಲಿ ಎಳೆದುಕೊಳ್ಳಬೇಕು. ನಡುವೆ ತೆಳು ಬಟ್ಟೆ ಇರುತ್ತದೆ, ಇಲ್ಲದಿದ್ದರೆ ನೊಣ ಹೊಟ್ಟೆಗೇ! ಜೋರಾಗಿ ಎಳೆದರೆ ಅವು ಗಾಜಿಗೆ ಬಡಿದು ಸಾಯುತ್ತವೆ. ಹಿಡಿದ ನೊಣಗಳನ್ನು ರೋಗದ ಗಿಡದ ಮೇಲೆ ಒಂದು ದಿನ ಬಿಡುತ್ತೇವೆ. ವೈರಸ್ ಅವುಗಳ ಕರುಳಿನಿಂದ ಹೊರಟು ಎಂಜಲಿನ ಗ್ರಂಥಿ ಸೇರೋಕೆ ಕೆಲವು ಗಂಟೆ ಬೇಕು. ಆಮೇಲೆ ಎರಡೆಲೆಯ ಸಸಿಗೆ ಹತ್ತರಂತೆ ಬಿಟ್ಟು, ಮರುದಿನ ಔಷಧಿ ಹೊಡೆದು ನೊಣ ಕೊಲ್ಲುತ್ತೇವೆ. ಎರಡು-ಮೂರು ವಾರಕ್ಕೆ ಫಲಿತಾಂಶ ಕಣ್ಣಿಗೆ ಕಾಣುತ್ತದೆ.

ಇಷ್ಟೆಲ್ಲ ಯಾಕೆ, ಹೊಲದಲ್ಲೇ ನೆಟ್ಟು ನೋಡಬಹುದಲ್ವಾ ಅಂತ ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ. ನೋಡಬಹುದು. ಆದರೆ ಹೊಲದಲ್ಲಿ ಹಸಿರಾಗಿ ನಿಂತ ಗಿಡಕ್ಕೆ ನಿಜವಾಗಿ ರೋಗ ತಡೆಯುವ ಶಕ್ತಿ ಇದೆಯೋ, ಸುಮ್ನೆ ನೊಣವೇ ಅದರ ಹತ್ತಿರ ಬರಲಿಲ್ಲವೋ ಹೇಗೆ ಗೊತ್ತಾಗಬೇಕು? ಅದಕ್ಕೇ ಪ್ರತಿ ಪರೀಕ್ಷೆಯಲ್ಲೂ ಅರ್ಕಾ ವಿಕಾಸ್‌ನಂಥ, ರೋಗಕ್ಕೆ ಸುಲಭವಾಗಿ ಬೀಳುವ ತಳಿಯ ಸಾಲೊಂದು ಇರಲೇಬೇಕು. ಆ ಸಾಲು ಪೂರ್ತಿ ಮುದುಡದಿದ್ದರೆ ಆ ಸಲದ ಲೆಕ್ಕವನ್ನೇ ನಾನು ಬರೆದುಕೊಳ್ಳುವುದಿಲ್ಲ. ಈ ವಿಷಯದಲ್ಲಿ ನನ್ನದು ಸ್ವಲ್ಪ ಹಟ ಅಂತ ಜೊತೆಯವರು ಹೇಳುತ್ತಾರೆ.

ಕಾಡು ಟೊಮೆಟೊಗಳ ಕಥೆ ಇನ್ನೂ ಮಜವಾಗಿದೆ. ಕೆಲವುಗಳ ಎಲೆ ತುಂಬ ಅಂಟು ಅಂಟಾದ ರೋಮ. ನೊಣ ಅದರಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಗಿಡಕ್ಕೆ ರೋಗ ಬರಲಿಲ್ಲ, ನಿಜ. ಆದರೆ ಅದು ನೊಣವನ್ನು ತಡೆಯಿತೋ, ವೈರಸ್ಸನ್ನೋ? ಇಲ್ಲಿ ಕಸಿ ಕೆಲಸಕ್ಕೆ ಬರುತ್ತದೆ. ರೋಗದ ಕುಡಿಯನ್ನು ಆ ಗಿಡಕ್ಕೇ ಕಟ್ಟಿದರೆ ವೈರಸ್ ನೇರವಾಗಿ ಒಳಗೆ ಹೋಗುತ್ತದೆ. ಆಗಲೂ ಚಿಗುರು ಚೆನ್ನಾಗಿಯೇ ಬಂದರೆ ಒಳಗೆ ಏನೋ ಇದೆ ಅಂತ ನಂಬುತ್ತೇನೆ.

ಆ ‘ಏನೋ’ ಏನು ಅಂತ ಈಗ ಸಾಕಷ್ಟು ಗೊತ್ತಿದೆ. ಸೊಲಾನಮ್ ಚಿಲೆನ್ಸೆ ಎಂಬ ಕಾಡು ಟೊಮೆಟೊದಿಂದ ಬಂದ, ರೋಗ ತಡೆಯುವ ಟಿವೈ-1, ಟಿವೈ-3 ಎಂಬ ಜೀನುಗಳು ಬೇರೆ ಬೇರೆ ಅಂದುಕೊಂಡಿದ್ದರು. ಒಂದೇ ಜೀನಿನ ಎರಡು ರೂಪ ಅಂತ 2013ರಲ್ಲಿ ತಿಳಿಯಿತು. ಅದು ವೈರಸ್ಸಿನ ಜೀನುಗಳ ಬಾಯಿ ಮುಚ್ಚಿಸುವ, ಗಿಡದ್ದೇ ಆದ ವ್ಯವಸ್ಥೆಗೆ ಬಲ ಕೊಡುತ್ತದೆ. ವೈರಸ್ ಪೂರ್ತಿ ಹೋಗುವುದಿಲ್ಲ. ನೋಡೋಕೆ ಆರೋಗ್ಯವಾಗಿರುವ ಗಿಡದ ಎಲೆಯಲ್ಲೂ ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದರೆ ವೈರಸ್ ಸಿಗುತ್ತದೆ, ಪ್ರಮಾಣ ಮಾತ್ರ ಕಮ್ಮಿ. ಅಂದರೆ ಅಂಥ ಗಿಡದಿಂದಲೂ ನೊಣ ಪಕ್ಕದ ಹೊಲಕ್ಕೆ ರೋಗ ಒಯ್ಯಬಹುದು. ಬೀಜದ ಪ್ಯಾಕೆಟ್ ಮೇಲೆ ‘ನಿರೋಧಕ’ ಅಂತ ಓದುವ ರೈತರಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ.

ನಮಗಿಂತ ಮುಂಚೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಂದಿ, ಸಂಕ್ರಾಂತಿ, ವೈಭವ್ ಎಂಬ ನಿರೋಧಕ ತಳಿಗಳನ್ನು ಕೊಟ್ಟರು. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯಿಂದ ಅರ್ಕಾ ರಕ್ಷಕ್ ಬಂತು. ಮುಟುರು ಜೊತೆಗೆ ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿಯನ್ನೂ ತಡೆಯುವ ಹೈಬ್ರಿಡ್ ಅದು. ರೋಗ ತಡೆದರಷ್ಟೇ ಮುಗಿಯಲ್ಲ. ಕಾಡು ಗಿಡದ ಜೀನ್ ತರುವಾಗ ಅದರ ಅಕ್ಕಪಕ್ಕದ ಬೇಡದ ಗುಣಗಳೂ ಅಂಟಿಕೊಂಡು ಬರುತ್ತವೆ. ನಮ್ಮ ಒಂದು ಸಾಲಿನ ಹಣ್ಣು ನೋಡಿ ಕೋಲಾರದ ಹಿರಿಯ ರೈತರೊಬ್ಬರು, “ಗಿಡ ಸೂಪರ್ ಆಗಿದೆ ಮೇಡಂ, ಆದ್ರೆ ಈ ಗೋಲಿಗಳನ್ನ ಮಂಡೀಲಿ ಯಾರು ಕೇಳ್ತಾರೆ?” ಅಂದರು. ಕೋಲಾರದ ಹಣ್ಣು ಲಾರಿಯಲ್ಲಿ ದೂರದ ರಾಜ್ಯಗಳಿಗೆ ಹೋಗಬೇಕು. ಸಿಪ್ಪೆ ಗಟ್ಟಿ ಇರಬೇಕು, ಗಾತ್ರವೂ ಇರಬೇಕು. ಒಳ್ಳೆ ತಳಿಗೆ ಮತ್ತೆ ಮತ್ತೆ ಸಂಕರ ಮಾಡುವುದು ಬಿಟ್ಟರೆ ದಾರಿ ಇರಲಿಲ್ಲ. ಪ್ರತಿ ಪೀಳಿಗೆಯನ್ನೂ ಮತ್ತೆ ನೊಣದ ಪಂಜರಕ್ಕೇ ಹಾಕಿದೆವು.

ಈಗ ತಲೆನೋವು ಬೇರೆ. ಕಡಲೆಕಾಯಿಯ ಮೊಗ್ಗು ಸಾಯಿಸುವ ವೈರಸ್ ಟೊಮೆಟೊಗೂ ಬರುತ್ತದೆ. ಅದರ ಮುಂದೆ ಟಿವೈ ಜೀನುಗಳ ಆಟ ನಡೆಯಲ್ಲ. ಅದನ್ನು ಹೊತ್ತು ತರುವುದು ಥ್ರಿಪ್ಸ್ ಎಂಬ ಪುಟ್ಟ ಕೀಟ. ಇದರ ಮರಿಗಳು ವೈರಸ್ ಹೀರಿಕೊಂಡಿದ್ದರೆ ಮಾತ್ರ ದೊಡ್ಡವಾದ ಮೇಲೆ ಹರಡುತ್ತವೆ. ಬೆಳೆದ ಹುಳುವನ್ನು ಹಿಡಿದು ರೋಗದ ಗಿಡದ ಮೇಲೆ ಬಿಟ್ಟರೆ ಪ್ರಯೋಜನವಿಲ್ಲ. ಹಾಗಾಗಿ ಆಗತಾನೆ ಮೊಟ್ಟೆಯೊಡೆದ ಮರಿಗಳನ್ನು ಕುಂಚದ ತುದಿಯಲ್ಲಿ ಎತ್ತಿ ರೋಗದ ಎಲೆಗೆ ಬಿಡಬೇಕು. ನಮ್ಮ ತಂಡದಲ್ಲಿ ಆ ಕೆಲಸಕ್ಕೆ ಕೈ ಕುದುರಿದವರು ಇನ್ನೂ ಇಬ್ಬರೇ.