ಹೊಸಬರಿಗೆ ಮಾರ್ಗದರ್ಶಿ: ಪಶ್ಚಿಮ ಸಿಡ್ನಿಯ ಶಾಲೆಗಳಲ್ಲಿ ಆಬೊರಿಜಿನಲ್ ಇತಿಹಾಸ

ಶಾಲೆ ಸೇರಿಸುವ ಅರ್ಜಿಯಲ್ಲೇ ಮೊದಲ ಗೊಂದಲ. ಮಗು ಆಬೊರಿಜಿನಲ್ ಅಥವಾ ಟಾರಸ್ ಸ್ಟ್ರೇಟ್ ದ್ವೀಪದ ಮೂಲದ್ದೇ ಎಂದು ಕೇಳಿರುತ್ತಾರೆ. ಅದು ಈ ದೇಶದ ಮೂಲನಿವಾಸಿಗಳಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆ. ಊರಿನಲ್ಲಿ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಇದ್ದರೂ ಇಲ್ಲಿ ‘ಇಲ್ಲ’ ಎಂದೇ ಗುರುತು ಹಾಕಿ.

ಅಸೆಂಬ್ಲಿಯ ಆರಂಭದಲ್ಲಿ ಆ ನೆಲದ ಮೂಲ ಜನರನ್ನು ಸ್ಮರಿಸುತ್ತಾರೆ. ಪ್ಯಾರಮಾಟ, ಬ್ಲ್ಯಾಕ್‌ಟೌನ್ ಕಡೆ ದಾರುಗ್ ಜನರನ್ನು, ಸಿಟಿಯಲ್ಲಿ ಗಡಿಗಲ್ ಜನರನ್ನು. ಈ ಸ್ಮರಣೆಯನ್ನು ಯಾರು ಬೇಕಾದರೂ ಮಾಡಬಹುದು. ‘ನಮ್ಮ ನೆಲಕ್ಕೆ ಸ್ವಾಗತ’ ಎನ್ನುವ ಅಧಿಕಾರ ಮಾತ್ರ ಆ ನೆಲದ ಹಿರಿಯರದು. ಅವರನ್ನು ಆಂಟಿ, ಅಂಕಲ್ ಎಂದು ಗೌರವದಿಂದ ಕರೆಯುತ್ತಾರೆ. ನಮ್ಮ ಮಕ್ಕಳಿಗೆ ಇದು ಹೊಸದಲ್ಲ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲೂ ದೀಪ ಬೆಳಗುವ ಮುನ್ನ ಈ ಸ್ಮರಣೆ ಇರುತ್ತದೆ. ಆಗ ಹಿಂದಿನ ಸಾಲಿನಲ್ಲಿ ಮಾತು ನಿಲ್ಲುವುದಿಲ್ಲ. ದಯವಿಟ್ಟು ನಿಲ್ಲಿಸಿ.

“ಇದೆಲ್ಲ ಯಾಕೆ, ಆ ಹೊತ್ತಿನಲ್ಲಿ ಲೆಕ್ಕ ಹೇಳಿಕೊಡಬಾರದೇ?” ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಮಾತು ಇದು. ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಆಬೊರಿಜಿನಲ್ ಇತಿಹಾಸ ಪ್ರತ್ಯೇಕ ವಿಷಯವಲ್ಲ, ಎಲ್ಲ ವಿಷಯಗಳಲ್ಲೂ ಬೆರೆತು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ಮನೆ ಮಾಡಿರುವ ಊರಿನ ಕಥೆಯೇ ಇದು. 1815ರ ಹೊತ್ತಿಗೆ ಗವರ್ನರ್ ಮ್ಯಾಕ್ವಾರಿ ಪ್ಯಾರಮಾಟದಲ್ಲಿ ಆಬೊರಿಜಿನಲ್ ಮಕ್ಕಳಿಗೆಂದು ಶಾಲೆ ತೆರೆದ. ಮಕ್ಕಳನ್ನು ತಂದೆತಾಯಿಯರಿಂದ ದೂರವಿಟ್ಟು ಇಂಗ್ಲಿಷರಂತೆ ಬೆಳೆಸುವುದು ಅದರ ಉದ್ದೇಶ. 1823ರಲ್ಲಿ ಅದು ಇಂದಿನ ಬ್ಲ್ಯಾಕ್‌ಟೌನ್ ಪ್ರದೇಶಕ್ಕೆ ಬಂತು. ಊರಿಗೆ ಆ ಹೆಸರು ಬಂದದ್ದೂ ಹಾಗೆಯೇ. ಆ ಶಾಲೆ ಪ್ಯಾರಮಾಟದಲ್ಲಿದ್ದಾಗ ಅಲ್ಲಿ ಓದಿದವಳು ದಾರುಗ್ ಹುಡುಗಿ ಮರಿಯಾ. 1819ರ ಪರೀಕ್ಷೆಯಲ್ಲಿ ಬಿಳಿಯರ ಮಕ್ಕಳನ್ನೂ ಹಿಂದಿಕ್ಕಿ ಮೊದಲ ಬಹುಮಾನ ಪಡೆದವಳು ಅವಳೇ ಎನ್ನುತ್ತಾರೆ. ಮುಂದೆ ತನ್ನ ಅಣ್ಣನ ಜಮೀನಿಗಾಗಿ ಗವರ್ನರ್‌ಗೇ ಅರ್ಜಿ ಬರೆದಳು. ರ‍್ಯಾಂಕ್ ಬಂದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವ ನಾವು ಈ ಹುಡುಗಿಯ ಹೆಸರನ್ನು ಮಕ್ಕಳಿಗೆ ಹೇಳಬೇಡವೇ?

ಆಬೊರಿಜಿನಲ್ ಮಕ್ಕಳನ್ನು ಮನೆಯವರಿಂದ ಕಿತ್ತುಕೊಳ್ಳುವ ನೀತಿ ಬೇರೆಬೇರೆ ರೂಪದಲ್ಲಿ 1970ರ ದಶಕದವರೆಗೂ ನಡೆಯಿತು. ಈ ಪಾಠವಾದ ದಿನ ಸಣ್ಣ ಮಕ್ಕಳು ಮನೆಗೆ ಬಂದು, “ನನ್ನನ್ನೂ ಕರೆದುಕೊಂಡು ಹೋಗ್ತಾರಾ ಅಮ್ಮಾ?” ಎಂದು ಕೇಳುವುದುಂಟು. “ಅದೆಲ್ಲ ನಮಗ್ಯಾಕೆ, ಊಟ ಮಾಡು” ಎನ್ನಬೇಡಿ. ಆಗ ಆದದ್ದು ಅನ್ಯಾಯ, 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು, ನಿನ್ನನ್ನು ಯಾರೂ ಕರೆದೊಯ್ಯುವುದಿಲ್ಲ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಬಂದ ಹೊಸದರಲ್ಲಿ ನಮಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆದಿದ್ದೇವೆ.

ನೆನಪಿಡಬೇಕಾದ ದಿನಗಳು:
ಜನವರಿ 26: ಆಸ್ಟ್ರೇಲಿಯಾ ಡೇ, 1788ರಲ್ಲಿ ಬ್ರಿಟಿಷರು ನೆಲೆಯೂರಿದ ದಿನ. ಹಲವು ಮೂಲನಿವಾಸಿಗಳಿಗೆ ಶೋಕದ ದಿನ. ಸಿಕ್ಕವರಿಗೆಲ್ಲ ಶುಭಾಶಯ ಹೇಳಬೇಡಿ.
ಮೇ 26: ಸಾರಿ ಡೇ. ಹಾಗೆ ಕಿತ್ತುಕೊಂಡ ಮಕ್ಕಳನ್ನು ನೆನೆಯುವ ದಿನ.
ಮೇ 27–ಜೂನ್ 3: ರೀಕನ್ಸಿಲಿಯೇಷನ್ ವಾರ. ಮೂಲನಿವಾಸಿಗಳು ಮತ್ತು ಉಳಿದವರ ನಡುವಿನ ಸಾಮರಸ್ಯಕ್ಕಾಗಿ.
ಜುಲೈ ಮೊದಲ ಭಾನುವಾರದಿಂದ ಒಂದು ವಾರ: ನೈಡಾಕ್, ಮೂಲನಿವಾಸಿಗಳ ಇತಿಹಾಸ, ಸಂಸ್ಕೃತಿಯ ಆಚರಣೆ. ಶಾಲೆಗೆ ರಜೆ ಇರುವುದರಿಂದ ಆಚರಣೆ ಹಿಂದೆಮುಂದೆ ಆಗುತ್ತದೆ, ಶಾಲೆಯ ಸುತ್ತೋಲೆ ನೋಡಿ.

ಪ್ರಾಜೆಕ್ಟ್ ಕೊಟ್ಟಾಗ ಇಂಟರ್ನೆಟ್‌ನಿಂದ ಆಬೊರಿಜಿನಲ್ ಕಲಾವಿದರ ಚುಕ್ಕಿ ಚಿತ್ರ ನಕಲು ಮಾಡಿಸಬೇಡಿ. ಆ ಚಿತ್ರಗಳಿಗೆ ಒಡೆತನವಿದೆ, ಕೆಲವು ಪವಿತ್ರ ಕಥೆಗಳು. ಏನು ಬರೆಯಬಹುದು ಎಂದು ಟೀಚರನ್ನೇ ಕೇಳಿ.