ಬಾದಾಮಿಗೆ ಒಂದಿಡೀ ದಿನ ಕೊಡಿ: ಕೋಟೆ, ಗುಹೆ, ಗುಡಿ ನೋಡುವ ಕ್ರಮ

ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಟೈಮ್ ಸಿಕ್ಕರೆ ಕೂಡಲಸಂಗಮ. ಎಲ್ಲಾ ಒಂದೇ ದಿನದಲ್ಲಿ! ಟೆಂಪೊ ಟ್ರಾವೆಲರ್ ಮಾಡಿಕೊಂಡು ಬರುವವರ ಪಟ್ಟಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಗುಹೆ ಮುಂದೆ ಒಂದು ಫೋಟೊ, ಕೆರೆಗೆ ಬೆನ್ನು ಮಾಡಿ ಇನ್ನೊಂದು, ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಎದುರು ಗುಡ್ಡದ ಕೋಟೆಗೆ ಕೆಳಗಿನಿಂದಲೇ ಕೈ ತೋರಿಸಿ ಹೊರಟುಬಿಡುತ್ತಾರೆ. ಇಷ್ಟಕ್ಕೆ ಅಷ್ಟು ದೂರ ಹೋಗಬೇಕಾ? ಬಾದಾಮಿಗೇ ಒಂದು ದಿನ ಇಡಿ. ಆ ದಿನವನ್ನು ಬಿಸಿಲು ನೋಡಿಕೊಂಡು ಹಂಚಿಕೊಳ್ಳಿ. ಹೇಗೆ ಅಂತ ಮುಂದೆ ಓದಿ.

ಹೊರಡುವ ಮುನ್ನ

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಬಂಡೆ ಕಾದು, ಹತ್ತು ಗಂಟೆಗೇ ಗುಡ್ಡ ಹತ್ತುವ ಆಸೆ ಬತ್ತಿಹೋಗುತ್ತದೆ. ಮಳೆಗಾಲದಲ್ಲಿ ಹೋದರೆ ಅಕ್ಕ–ತಂಗಿ ಜಲಪಾತ ಸಿಗುತ್ತದೆ. ಆದರೆ ಮಳೆ ಬಿದ್ದ ಮರುದಿನ ಮಾತ್ರ ಅದರ ನಿಜವಾದ ಚಂದ, ಮೆಟ್ಟಿಲು ಜಾರುವುದೂ ಆವತ್ತೇ. ಶುಕ್ರವಾರ ಹೋಗಬೇಡಿ, ಮ್ಯೂಸಿಯಂಗೆ ರಜೆ.

ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬಾದಾಮಿ. ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ. ಆಟೊದವರ ಹತ್ತಿರ ಮೊದಲೇ ರೇಟು ಮಾತಾಡಿಕೊಳ್ಳಿ. ಬಸ್ ಸ್ಟ್ಯಾಂಡ್ ಸುತ್ತಮುತ್ತ ರೂಮು ಹಿಡಿದರೆ ಮುಂದಿನದೆಲ್ಲ ನಡೆದೇ ನೋಡಬಹುದು. ಗುಹೆಯ ಟಿಕೆಟ್ ಆನ್‌ಲೈನ್‌ನಲ್ಲಿ ತಗೊಂಡರೆ ಸ್ವಲ್ಪ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಊರಿನ ನಕ್ಷೆ ತಲೆಯಲ್ಲಿ ಕೂತರೆ ದಾರಿ ತಪ್ಪುವ ಮಾತೇ ಇಲ್ಲ. ನಡುವೆ ಅಗಸ್ತ್ಯತೀರ್ಥ ಕೆರೆ. ಅದರ ದಕ್ಷಿಣದ ಗುಡ್ಡದಲ್ಲಿ ಗುಹೆಗಳು, ಉತ್ತರದ ಗುಡ್ಡದ ಮೇಲೆ ಕೋಟೆ, ಪೂರ್ವ ದಂಡೆಯಲ್ಲಿ ಭೂತನಾಥನ ಗುಡಿ, ಪಶ್ಚಿಮಕ್ಕೆ ಊರು. ಅಷ್ಟೇ.

1. ಬೆಳಿಗ್ಗೆ: ಉತ್ತರದ ಕೋಟೆ

ಎಲ್ಲರೂ ಮೊದಲು ಗುಹೆಗೆ ಓಡುತ್ತಾರೆ. ನೀವು ಕೋಟೆಗೆ ಹೋಗಿ. ಗುಹೆಯಲ್ಲಿ ನೆರಳಿದೆ, ಮಧ್ಯಾಹ್ನವೂ ನೋಡಬಹುದು. ಕೋಟೆಯ ಮೇಲೆ ನೆರಳಿಗೆ ಹುಡುಕಬೇಕು.

ಮ್ಯೂಸಿಯಂ ಪಕ್ಕದಿಂದ ದಾರಿ ಶುರು. ಸ್ವಲ್ಪ ಹತ್ತುತ್ತಿದ್ದಂತೆ ಎರಡೂ ಕಡೆ ಕೆಂಪು ಬಂಡೆ ಗೋಡೆಯಾಗಿ ಎದ್ದು ನಿಲ್ಲುತ್ತದೆ. ದಾರಿ ಇಕ್ಕಟ್ಟಾಗುತ್ತದೆ, ತಿರುಗುತ್ತದೆ, ಮತ್ತೆ ತಿರುಗುತ್ತದೆ. ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ. ಇಲ್ಲಿ ಒಂದು ನಿಮಿಷ ನಿಂತು, ಮೇಲೆ ಹತ್ತು ಜನ ಕಲ್ಲು ಹಿಡಿದು ಕೂತಿದ್ದಾರೆ ಅಂದುಕೊಳ್ಳಿ. ಚಾಲುಕ್ಯರು ಈ ಜಾಗವನ್ನೇ ಯಾಕೆ ರಾಜಧಾನಿ ಮಾಡಿಕೊಂಡರು ಅನ್ನೋದು ತಾನೇ ಹೊಳೆಯುತ್ತದೆ. ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಂಡೆಗಲ್ಲಿನ ಶಾಸನದಲ್ಲಿ ಶಕ ವರ್ಷ 465 ಅಂತಿದೆ. ಅಂದರೆ ಕ್ರಿ.ಶ. 543.

ಹಾಗಂತ ಕಣ್ಣಿಗೆ ಬೀಳುವ ಗೋಡೆಯೆಲ್ಲ ಚಾಲುಕ್ಯರದ್ದು ಅಂದುಕೊಳ್ಳಬೇಡಿ. ಆಮೇಲೆ ಬಂದವರೆಲ್ಲ ಈ ಕೋಟೆಯನ್ನು ರಿಪೇರಿ ಮಾಡಿದ್ದಾರೆ, ಬೆಳೆಸಿದ್ದಾರೆ. 1786ರಲ್ಲಿ ಮರಾಠರು ಮತ್ತು ನಿಜಾಮರ ಸೈನ್ಯ ಟಿಪ್ಪುವಿನ ಕೈಯಿಂದ ಇದನ್ನು ಕಿತ್ತುಕೊಂಡಿತು. ಗೋಡೆಯಲ್ಲಿ ಕೋವಿ ತೂರಿಸುವ ಕಿಂಡಿ ಕಂಡರೆ ಅದು ಖಂಡಿತ ಪುಲಕೇಶಿಯ ಕಾಲದ್ದಲ್ಲ. ಚಾಲುಕ್ಯರ ಗುಡಿಗಳ ಗೋಡೆ ನೋಡಿ, ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಕೂಡಿಸಿದ್ದಾರೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಗೈಡ್ ಇಲ್ಲದೆಯೂ ಅರ್ಧ ಕೋಟೆ ಓದಬಹುದು.

ಕೆಳಗಿನ ಶಿವಾಲಯ, ದುಂಡನೆಯ ಕಣಜಗಳು, ತುದಿಯಲ್ಲಿ ಮೇಲಿನ ಶಿವಾಲಯ. ಮೇಲಿನದರ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನನ್ನು ಹುಡುಕಿ. ಅಂಚಿಗೆ ಹೋಗಿ ಸೆಲ್ಫಿ ತೆಗೆಯುವ ಹುಚ್ಚು ಬೇಡ. ಎಲ್ಲಾ ಕಡೆ ಕಟಕಟೆ ಇಲ್ಲ. ಇಳಿದ ಮೇಲೆ ಕಾಲಲ್ಲಿ ಶಕ್ತಿ ಉಳಿದಿದ್ದರೆ, ಊರಿನ ಕಡೆಯಿಂದ ಬೇರೆ ದಾರಿಯಲ್ಲಿ ಮಾಲೆಗಿತ್ತಿ ಶಿವಾಲಯಕ್ಕೆ ಹತ್ತಿ. ಒಂಟಿ ಬಂಡೆಯ ಮೇಲಿನ ಪುಟ್ಟ ಗುಡಿ. ಬಾದಾಮಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಜನ ಬರುವುದೂ ಇಲ್ಲಿಗೇ ಕಡಿಮೆ.

2. ಬಿಸಿಲೇರಿದಾಗ: ಮ್ಯೂಸಿಯಂ, ಊಟ

ಮ್ಯೂಸಿಯಂ ಚಿಕ್ಕದು, ಬೇಗ ಮುಗಿಯುತ್ತದೆ. ಲಜ್ಜಾಗೌರಿ ಶಿಲ್ಪ ತಪ್ಪಿಸಬೇಡಿ. ಆಮೇಲೆ ಸೀದಾ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಉಂಡು ರೂಮಿಗೆ ಹೋಗಿ ಸುಮ್ನೆ ಮಲಗಿ.

3. ಮಧ್ಯಾಹ್ನ ಮೂರರ ಮೇಲೆ: ಗುಹೆಗಳು

ಮೊದಲು ಮಂಗಗಳ ವಿಷಯ. ಕೈಯಲ್ಲಿ ಕವರ್ ಇದ್ದರೆ ಅದು ನಿಮ್ಮದಲ್ಲ, ಅವುಗಳದ್ದು. ಬಾಳೆಹಣ್ಣು, ಬಿಸ್ಕತ್ತು, ಜ್ಯೂಸ್ ಬಾಟಲಿ ಏನೂ ಬೇಡ. ನೀರಿನ ಬಾಟಲಿಯನ್ನೂ ಬ್ಯಾಗಿನೊಳಗೇ ಇಡಿ.

ಗುಹೆಗಳು ನಾಲ್ಕು. ಒಂದರಿಂದ ಮೇಲಕ್ಕೆ ಹತ್ತುತ್ತಾ ಹೋಗಿ. ಒಂದನೇ ಗುಹೆಯಲ್ಲಿ ಹದಿನೆಂಟು ಕೈಯ ನಟರಾಜನ ಮುಂದೆ ಯಾವಾಗಲೂ ಗುಂಪು. ಅವನನ್ನು ನೋಡಿ, ಕೈ ಎಣಿಸಿ. ಆದರೆ ಎದುರು ಬದಿಯ ದ್ವಾರಪಾಲಕನ ಕಾಲ ಕೆಳಗೂ ಬಗ್ಗಿ ನೋಡಿ. ಎರಡು ಪ್ರಾಣಿಗಳಿಗೆ ಒಂದೇ ತಲೆ ಕೆತ್ತಿದ್ದಾನೆ ಶಿಲ್ಪಿ. ಅಂಗೈ ಅಡ್ಡ ಹಿಡಿದು ಒಂದು ಬದಿಯ ಮೈ ಮುಚ್ಚಿದರೆ ಆನೆ, ಇನ್ನೊಂದು ಬದಿ ಮುಚ್ಚಿದರೆ ಎತ್ತು. ಮಕ್ಕಳು ಜೊತೆಗಿದ್ದರೆ ಇಲ್ಲಿಂದ ಕದಲುವುದೇ ಇಲ್ಲ.

ಎರಡನೆಯದರಲ್ಲಿ ವರಾಹ, ತ್ರಿವಿಕ್ರಮ. ಅಲ್ಲಿಂದ ಮೂರಕ್ಕೆ ಹೋಗುವಾಗ ಮೇಲಿನ ಕೋಟೆಗೆ ಹೋಗುವ ಮೆಟ್ಟಿಲು ಕಾಣುತ್ತದೆ. ಬಹಳ ಕಾಲದಿಂದ ಅದರ ಬಾಗಿಲಿಗೆ ಬೀಗ. ಕಾವಲಿನವರನ್ನು ಕಾಡಬೇಡಿ.

ಮೂರನೇ ಗುಹೆಗೆ ಅರ್ಧ ಗಂಟೆಯಾದರೂ ಇಡಿ. ನಾಲ್ಕರಲ್ಲಿ ದೊಡ್ಡದು ಇದೇ. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ತಮ್ಮ ಮಂಗಲೇಶ ವಿಷ್ಣುವಿಗೆ ಇದನ್ನು ಮಾಡಿಸಿದ. ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ ಅಂತ ಶಾಸನವೇ ಹೇಳುತ್ತದೆ. ಇಷ್ಟು ಹಳೆಯ ಗುಡಿಗೆ ಇಷ್ಟು ಖಚಿತ ತಾರೀಖು ಸಿಗುವುದು ಅಪರೂಪ. ಉಳಿದ ಎಷ್ಟೋ ಗುಡಿಗಳ ಕಾಲವನ್ನು ವಿದ್ವಾಂಸರು ಇದರ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ. ಹೆಡೆ ಬಿಚ್ಚಿದ ಹಾವಿನ ಮೇಲೆ ಕೂತ ವಿಷ್ಣುವನ್ನು ನೋಡಿದ ಮೇಲೆ ಕಂಬದ ತುದಿಗೆ ಕಣ್ಣು ಹಾಯಿಸಿ, ಒಂದೊಂದರಲ್ಲೂ ಗಂಡು–ಹೆಣ್ಣಿನ ಜೋಡಿ. ಸೂರಿನ ಒಳಬದಿಯಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇನ್ನೂ ಉಳಿದಿದೆ. ಮೊಬೈಲ್ ಟಾರ್ಚ್ ಬಿಡಬೇಡಿ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ.

ನಾಲ್ಕನೆಯದು ಜೈನರದ್ದು. ಚಿಕ್ಕದು. ಮೈಗೆ ಬಳ್ಳಿ ಸುತ್ತಿದ ಬಾಹುಬಲಿ ಇದ್ದಾನೆ. ಕೆರೆ ನೋಡಲು ಇದರ ಮುಂದಿನ ಜಾಗ ಬಲು ಚೆನ್ನ.

4. ಸಂಜೆ: ಕೆರೆ ಸುತ್ತಿ ಭೂತನಾಥನ ಗುಡಿಗೆ

ಬಟ್ಟೆ ಒಗೆಯುವ ಸದ್ದು ಎರಡು ಗುಡ್ಡಕ್ಕೂ ಬಡಿದು ವಾಪಸ್ ಬರುತ್ತಿರುತ್ತದೆ. ಕೆರೆಯ ದಂಡೆ ಹಿಡಿದೇ ನಡೆಯಿರಿ. ಸೂರ್ಯ ಊರಿನ ಕಡೆ ಇಳಿಯುವುದರಿಂದ ಭೂತನಾಥನ ಗುಡಿಗೆ ಸಂಜೆಯ ಬೆಳಕು ಎದುರಿನಿಂದಲೇ ಬೀಳುತ್ತದೆ.

ಇನ್ನೂ ಬೆಳಕಿದ್ದರೆ ಕೆರೆಯ ಈಶಾನ್ಯದ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ ಎಲ್ಲಿ ಅಂತ ಕೇಳಿಕೊಂಡು ಹೋಗಿ. ಸುಮಾರು 700ರ ಹೊತ್ತಿನದು. ಶಾಲೆಯಲ್ಲಿ ಬಾಯಿಪಾಠ ಮಾಡಿದ 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಇದೇ ಅಲ್ವಾ! ತ್ರಿಪದಿಗೆ ಸಿಕ್ಕಿರುವ ತೀರಾ ಹಳೆಯ ಉದಾಹರಣೆ ಇದು. ಗುಹೆ ನೋಡಲು ಬಂದ ನೂರು ಜನರಲ್ಲಿ ಇದರ ಹತ್ತಿರ ಸುಳಿಯುವವರು ಒಬ್ಬಿಬ್ಬರು ಅಂದರೆ ಹೊಟ್ಟೆ ಉರಿಯುತ್ತದೆ. ಅಕ್ಷರದ ಮೇಲೆ ನೀರು, ಸೀಮೆಸುಣ್ಣ ಏನೂ ಹಾಕಬೇಡಿ.

5. ಮರುದಿನ: ದೂರದ್ದು ಮೊದಲು

ಐಹೊಳೆ ಬಾದಾಮಿಯಿಂದ ಸುಮಾರು 35 ಕಿ.ಮೀ., ಪಟ್ಟದಕಲ್ಲು 22. ಮೊದಲು ಐಹೊಳೆಗೆ ಹೋಗಿ, ವಾಪಸ್ ಬರುವಾಗ ಪಟ್ಟದಕಲ್ಲಿನಲ್ಲಿ ಇಳಿಯಿರಿ. ಬಸ್ಸು ಕಡಿಮೆ, ಇಬ್ಬರು ಮೂವರಿದ್ದರೆ ಆಟೊ ಮಾಡಿಕೊಳ್ಳುವುದೇ ವಾಸಿ. ಐಹೊಳೆಯಲ್ಲಿ ತಂಪು ಹೊತ್ತಿಗೇ ಮೇಗುಟಿ ಗುಡ್ಡ ಹತ್ತಿಬಿಡಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ರವಿಕೀರ್ತಿಯ ಶಾಸನ ಅಲ್ಲಿನ ಜಿನಾಲಯದ ಹೊರಗೋಡೆಯಲ್ಲಿದೆ. ಆಮೇಲೆ ದುರ್ಗ ಗುಡಿ, ಲಾಡಖಾನ್ ಗುಡಿ, ರಾವಣಫಡಿ.

ಪಟ್ಟದಕಲ್ಲಿಗೆ ಬರುವ ಮುನ್ನ ಒಂದು ಕಥೆ ಗೊತ್ತಿರಲಿ. ಕಂಚಿಯ ಪಲ್ಲವರ ದೊರೆ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನು ಗೆದ್ದು, ಇಲ್ಲಿನ ಬಂಡೆಯಲ್ಲೇ ತನ್ನ ಶಾಸನ ಕೆತ್ತಿಸಿದ. ನೂರು ವರ್ಷದೊಳಗೆ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ಅಲ್ಲಿನ ಕೈಲಾಸನಾಥ ಗುಡಿಯ ಐಶ್ವರ್ಯವನ್ನು ದೇವರಿಗೇ ವಾಪಸ್ ಕೊಟ್ಟು, ಅದನ್ನು ಕನ್ನಡದಲ್ಲಿ ಕೆತ್ತಿಸಿ ಬಂದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ. ಕಟ್ಟಿದ ಆಚಾರಿ ಗುಂಡನ ಹೆಸರೂ ಅಲ್ಲಿನ ಶಾಸನದಲ್ಲಿದೆ. ಇಂದಿಗೂ ಪೂಜೆ ನಡೆಯುವ ಗುಡಿ ಇದು, ಚಪ್ಪಲಿ ಹೊರಗೆ ಬಿಡಿ. ಆವರಣದಲ್ಲಿ ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ಶಿಖರ ಅಕ್ಕಪಕ್ಕ ನಿಂತಿವೆ. ಎರಡನ್ನೂ ಒಂದೇ ನೋಟಕ್ಕೆ ಹೋಲಿಸಿ ನೋಡಿ.

ಬಾದಾಮಿಗೆ ಮರಳಿದ ಮೇಲೆ ಹೊತ್ತಿದ್ದರೆ 5 ಕಿ.ಮೀ. ಆಚೆ ಬನಶಂಕರಿ. ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಅಮ್ಮಂದಿರ ರೊಟ್ಟಿ ಬುತ್ತಿ ಬೇಕೆಂದರೆ ಮಾತ್ರ ಸಂಜೆಯ ಬದಲು ಊಟದ ಹೊತ್ತಿಗೇ ಹೋಗಬೇಕು. ಜನವರಿಯ ಬನದ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ಆಗ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ರೈಲು ಟಿಕೆಟ್ ಮಾಡಿಸುವ ಮುಂಚೆ ಕ್ಯಾಲೆಂಡರ್‌ನಲ್ಲಿ ಆ ಹುಣ್ಣಿಮೆ ಯಾವಾಗ ಅಂತ ನೋಡಿಕೊಳ್ಳಿ.